ಪೇಟಿಯ ಹಿಂದಿನ ಬೆರಳು

1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರನ್ನು ಹೊಗಳಿ ನಮಗೆ ದಣಿವಿಲ್ಲ. ಅವರ ಪಕ್ಕದಲ್ಲಿ ಪೇಟಿ ನುಡಿಸಿದವರಾರೆಂದರೆ ಮಾತ್ರ ತಡವರಿಸುತ್ತೇವೆ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಅಂಥವರಲ್ಲೊಬ್ಬರು. ಮಲ್ಲಿಕಾರ್ಜುನ ಮನಸೂರ, ಉಸ್ತಾದ್ ಅಮೀರ್ ಖಾನ್ ಅವರಂಥವರಿಗೂ ಸಾಥ್ ಕೊಟ್ಟವರು.

ಹಾರ್ಮೋನಿಯಂ ಪರದೇಶಿ ವಾದ್ಯ, ಅದರಲ್ಲಿ ಮೀಂಡ್ ಬಾರದು ಎಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಎರಡನೆಯ ಆಕ್ಷೇಪ ಸುಳ್ಳಲ್ಲ. ಪೇಟಿಯ ಸ್ವರಗಳು ಕಟ್ಟಿಟ್ಟವು. ಆದರೆ ತಿದಿಯ ಗಾಳಿಯನ್ನು ಹದವಾಗಿ ಬಿಟ್ಟು, ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವ ಕೈಗೆ ಆ ಕೊರತೆಯನ್ನು ಮರೆಸುವುದು ಗೊತ್ತು. ಗಾಯಕರು ಉಸಿರೆಳೆದಾಗ ಬಿಡುವನ್ನು ತುಂಬಬೇಕು, ಹಾಡು ಮತ್ತೆ ಎದ್ದೊಡನೆ ಹಿಂದೆ ಸರಿಯಬೇಕು. ನಮ್ಮ ವಿಮರ್ಶೆ ಇದನ್ನು 'ಸಮರ್ಥ ಸಾಥ್' ಎಂಬ ಎರಡೇ ಪದಗಳಲ್ಲಿ ಮುಗಿಸುತ್ತ ಬಂದಿದೆ!