ಗಂಗೂಬಾಯಿಯವರ ತಟ್ಟೆಗಳು: ಕೆಲವು ಪ್ರಶ್ನೆಗಳು

ದಲಿತ ವಿಮರ್ಶೆ ಅಂದಕೂಡಲೆ ನಾವು ಪುಸ್ತಕಗಳ ಕಡೆ ತಿರುಗುತ್ತೇವೆ. ಕವಿತೆ, ಕತೆ, ಆತ್ಮಕಥನ ಇವಿಷ್ಟೇ ನಮ್ಮ ಪಠ್ಯಗಳು. ಅಕ್ಷರವನ್ನೇ ನಿರಾಕರಿಸಲಾಗಿದ್ದ ಜನರ ಚರಿತ್ರೆಯನ್ನು ಅಕ್ಷರದಲ್ಲಷ್ಟೇ ಹುಡುಕುವುದು ಎಂಥ ವಿಪರ್ಯಾಸ! ಕಿವಿಗೆ ಬೀಳುವ ಪಠ್ಯಗಳನ್ನೂ ನಾವು ಓದಲು ಕಲಿಯಬೇಕಾಗಿದೆ. ಈ ಮಾತಿಗೆ ಗಂಗೂಬಾಯಿ ಹಾನಗಲ್ (1913-2009) ಅವರ ಗ್ರಾಮಫೋನ್ ತಟ್ಟೆಗಳನ್ನು ನೆಪವಾಗಿಟ್ಟುಕೊಳ್ಳುತ್ತೇನೆ.

ದಲಿತ ಎಂಬ ಹೆಸರಿನೊಳಗೆ ಅವರನ್ನು ಎಳೆದು ತರುವ ಹಟ ನನಗಿಲ್ಲ. ಆದರೆ ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿ ಅವರು ಉಂಡ ಅವಮಾನ ನಮಗೆ ಗುರುತಿನದೇ. ಧಾರವಾಡದ ಶುಕ್ರವಾರಪೇಟೆಯಲ್ಲಿ ನೆರೆಯವರ ಮಾವಿಗೆ ಕೈಹಾಕಿದ ಮಗುವಿಗೆ ಬಿದ್ದ ಬೈಗುಳದಲ್ಲಿ ತುಡುಗಿಗಿಂತ 'ಹಾಡುವವಳ ಮಗಳು' ಎಂಬುದೇ ದೊಡ್ಡ ಅಪರಾಧವಾಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಬೇರೆ ಕೂಡಿಸುತ್ತಾರೋ ಎಂಬ ಅಳುಕಿತ್ತು. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ.

'ಯಂತ್ರಕ್ಕೆ ಜಾತಿ ಇಲ್ಲ' ಅನ್ನೋದು ನಮ್ಮ ಆಧುನಿಕರ ನೆಚ್ಚಿನ ಮಾತು. ಇದರಲ್ಲಿ ಅರ್ಧ ನಿಜವಿದೆ. 1902ರಲ್ಲಿ ಕಲಕತ್ತೆಯಲ್ಲಿ ಮುದ್ರಣಯಂತ್ರದ ಕೊಂಬಿನ ಮುಂದೆ ನಿಂತು ಹಾಡಿದ ಗೌಹರ್ ಜಾನ್ ವೃತ್ತಿಗಾಯಕಿ. ಮರ್ಯಾದಸ್ಥರೆನಿಸಿಕೊಂಡ ಮನೆಗಳು ಹೆಣ್ಣಿನ ದನಿ ಹೊಸ್ತಿಲು ದಾಟದಂತೆ ಕಾವಲು ಕೂತಿದ್ದಾಗ ಇಂಥ ಹೆಂಗಸರು ಧೈರ್ಯವಾಗಿ ಹಾಡಿದರು. ಹಾಡು ಮುಗಿದ ಮೇಲೆ ತಮ್ಮ ಹೆಸರನ್ನೂ ಕೂಗಿ ಹೇಳಿದರು. ತಟ್ಟೆ ಒತ್ತುತ್ತಿದ್ದುದು ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಕೂಡ ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದದ್ದು ಈ ಯಂತ್ರದ ದೆಸೆಯಿಂದಲೇ.

ಇನ್ನರ್ಧ ಸಂಗತಿ ತಟ್ಟೆಯ ನಡುವಿನ ಚೀಟಿಯಲ್ಲಿದೆ. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಹೊರತಂದ ಅವರ ಮೊದಲ ತಟ್ಟೆಗಳ ಮೇಲಿದ್ದ ಹೆಸರು ಗಾಂಧಾರಿ. ಆಮೇಲೆ ಅದು ಗಂಗೂಬಾಯಿ ಆಯಿತು. ಗಂಡಸರಿಗೆ ಪಂಡಿತ, ಉಸ್ತಾದ ಎಂಬ ಪದವಿಗಳು. ಹೆಂಗಸರಿಗೆ ಕೊನೆತನಕ ಬರೀ 'ಬಾಯಿ'. ಈ ತಾರತಮ್ಯವನ್ನು ಅವರೇ ಎತ್ತಿ ತೋರಿಸಿದ್ದುಂಟು. 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಹೆಸರಿನ ಬಾಲ ಅದೇ.

ಈಗ ಮೊಬೈಲಿನಲ್ಲೇ ಸಿಗುವ ಆ ಹಳೆಯ ಹಾಡುಗಳನ್ನು ಕೇಳಬೇಕು. ತೆಳ್ಳನೆಯ, ಏರುಶ್ರುತಿಯ ದನಿ. ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಯೂ ಇದೆ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲೇ ರಾಗ ಹುಟ್ಟಿ, ಬೆಳೆದು, ಮುಗಿಯಬೇಕು. ಕಂಪನಿ ಹೀಗೆ ದನಿಯನ್ನು ಅಳತೆಗೆ ಕತ್ತರಿಸಿ ಮಾರುತ್ತಿತ್ತು. ಅತ್ತ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತ, ಸವಾಯಿ ಗಂಧರ್ವರ ಹತ್ತಿರ ಒಂದೊಂದು ಸ್ವರದ ಮೇಲೂ ಗಂಟೆಗಟ್ಟಲೆ ನಿಲ್ಲುವ ಕಿರಾಣಾ ಪದ್ಧತಿ ಕಲಿಯುತ್ತಿದ್ದರು. ಮುಂದೆ ಗಂಟಲಿನ ಬೇನೆ, ಚಿಕಿತ್ಸೆಗಳಾಗಿ ದನಿ ಕೆಳಗಿಳಿಯಿತು, ದಪ್ಪಗಾಯಿತು. ಭಾವಗೀತೆಯ ಮಾರುಕಟ್ಟೆಗೆ ಅದು ಒಗ್ಗುವ ದನಿಯಲ್ಲ. ಅವರು ಮಾರುಕಟ್ಟೆಯನ್ನು ಬಿಟ್ಟರು, ದನಿಯನ್ನು ಬಿಡಲಿಲ್ಲ. ಲಾಂಗ್ ಪ್ಲೇ ತಟ್ಟೆಗಳ ಕಾಲಕ್ಕೆ ನಾವು ಕೇಳುವುದು ಈ ದನಿಯನ್ನು. ರಸಿಕರು ಇದನ್ನು 'ಗಂಡು ದನಿ' ಎಂದು ಹೊಗಳಿದರು. ಯಾರಿಗೂ ಒಲಿಸಲು ಹೋಗದ ಹೆಣ್ಣಿನ ದನಿಗೆ ನಮ್ಮ ವಿಮರ್ಶೆಯ ಹತ್ತಿರ ಬೇರೊಂದು ಹೆಸರೇ ಇರಲಿಲ್ಲ ಎಂಬುದಕ್ಕೆ ಈ ಹೊಗಳಿಕೆಯೇ ಸಾಕ್ಷಿ.

ಇಷ್ಟಾದರೂ ಗಂಗೂಬಾಯಿಯವರಿಗೆ ಮೈಕಿನ ಮುಂದೆ ನಿಲ್ಲುವ ಅವಕಾಶವಾದರೂ ಸಿಕ್ಕಿತು. ಆ ಅವಕಾಶವೇ ಸಿಗದವರ ಮಾತೇನು? ನಾನು ಬಸ್ಸು ಬದಲಿಸುವ ಕುಳಗೇರಿ ಕ್ರಾಸಿನಲ್ಲಿ ಭಾರತ ಹುಣ್ಣಿಮೆ ಹೊತ್ತಿಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜೋಗತಿಯರು ಸಿಗುತ್ತಾರೆ. ಚೌಡಿಕೆ ಮೀಟಿ ಅವರು ಹಾಡಿದರೆ ಕ್ರಾಸಿನ ಲಾರಿಗಳ ಸದ್ದೂ ಅಡಗಬೇಕು. ಹೆಚ್ಚಿನವರು ನಮ್ಮ ಕೇರಿಗಳ ಹೆಣ್ಣುಮಕ್ಕಳು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಅದು ಆಗಲೇಬೇಕಿತ್ತು. ಆದರೆ ಶತಮಾನಗಟ್ಟಲೆ ಈ ಹೆಂಗಸರು ಕಾಪಾಡಿದ ಹಾಡಿಗೆ ನಾವು ಕೊಟ್ಟ ಮರ್ಯಾದೆ ಎಂಥದು? ವಿದ್ವಾಂಸರ ಟೇಪುಗಳಲ್ಲಿ ಹಾಡು ಉಳಿಯಿತು. ಹಾಡಿದವಳ ಹೆಸರು ಎಷ್ಟೋ ಸಲ 'ಜನಪದ' ಎಂಬ ಒಂದೇ ಪದದಲ್ಲಿ ಕರಗಿತು. ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಹಿಡಿದ ಹಾಡಿಗೆ 'ಎಲ್ಲಮ್ಮನ ಪದ' ಎಂದಷ್ಟೇ ಬರೆದಿದ್ದ. ಹಾಡಿದವರು ಯಾರೋ ಅಂದರೆ, "ಅವರ ಹೆಸರು ಯಾರು ಕೇಳತಾರ್ರಿ ಸರ?" ಅಂದ. ಹುಡುಗನೂ ನಮ್ಮ ಕೇರಿಯವನೇ.

ಅವನ ಪ್ರಶ್ನೆಗೆ ಉತ್ತರಿಸುವ ಹೊಣೆ ದಲಿತ ವಿಮರ್ಶೆಯದು. ಕಂಪನಿ ತನ್ನ ವ್ಯಾಪಾರದ ಅನುಕೂಲಕ್ಕಾದರೂ ಹಾಡಿದವಳ ಬಾಯಿಂದ ಹೆಸರು ಹೇಳಿಸಿತ್ತು. ನಾವು ಅದನ್ನು ನ್ಯಾಯಕ್ಕಾಗಿ ಮಾಡಬೇಕು. ಊರೂರಿನ ಕೇರಿಗಳಿಗೆ ಹೋಗಿ ಹಾಡು ಹಿಡಿಯುವವರು ಮೊದಲು ಬರೆದುಕೊಳ್ಳಬೇಕಾದ್ದು ಹಾಡಿನ ಸಾಲಲ್ಲ, ಹಾಡುವ ಅವ್ವನ ಹೆಸರು, ಆಕೆ ಒಪ್ಪಿದರೆ ಆಕೆಯ ಊರು, ಆಕೆಗೆ ಕಲಿಸಿದವಳ ಹೆಸರು. ನಮ್ಮ ಸಂಗೀತ ಚರಿತ್ರೆ ಅಲ್ಲಿಂದ ಮತ್ತೊಮ್ಮೆ ಶುರುವಾಗಲಿ.