ಗಾದಿ ಎತ್ತಿದ ಮೇಲೆ

ಮುಂಬೈಯ ಮಾಟುಂಗಾದಲ್ಲಿ ನಾವು ಇಳಕಲ್ ಸೀರೆ ಕೊಳ್ಳುತ್ತಿದ್ದ ಪುಟ್ಟ ಅಂಗಡಿ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ದೊಡ್ಡದಾಗಿದೆ. ಈಗ ಎಸಿ ಇದೆ, ಆಳೆತ್ತರದ ಕನ್ನಡಿ ಇದೆ, ಕೂರಲು ಸ್ಟೂಲು ಇದೆ. ಕಾಲು ಮಡಚೋ ಕಷ್ಟ ತಪ್ಪಿತು ಅಂತ ನನ್ನ ಹೆಂಡತಿಗೆ ಖುಷಿ. ಅವಳ ಮಂಡಿನೋವು ಬಲ್ಲ ನಾನು ಅದಕ್ಕೆ ಎದುರಾಡಲಾರೆ.

ಆದರೆ ಬಿಳಿ ಚಾದರದ ಗಾದಿ ಹೋಗಿದೆ. ಅದು ಬರೀ ಕೂರುವ ಜಾಗವಲ್ಲ, ಸೀರೆ ಬಿಡಿಸುವ ಜಾಗ. ಇಳಕಲ್ಲಿನಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನದು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಆ ಕೂಡಿಕೆ, ಆ ಟೋಪ್ ತೆನಿ ಸೆರಗು, ಪೂರ್ತಿ ಹರವಿದರೇ ಕಾಣುವುದು. 9 ಗಜದ್ದಾದರಂತೂ ಗಾದಿಯೇ ಬೇಕು. ಗಾಜಿನ ಕಪಾಟಿನಲ್ಲಿ ಮಡಿಸಿಟ್ಟರೆ ಅಂಚಷ್ಟೇ ಸೀರೆ! ಮೇಲಿನ ಹಳದಿ ದೀಪಕ್ಕೆ ದಾಳಿಂಬೆ ಬಣ್ಣ ಇಟ್ಟಿಗೆಯಾಗುತ್ತದೆ. ಬಾಗಿಲ ಬೆಳಕಿಗೆ ಒಯ್ಯೋಣವೆಂದರೆ ಅಲ್ಲಿ ಬೊಂಬೆಗಳು ನಿಂತಿವೆ.

"ಸೆರಗು ತೋರಿಸಪ್ಪಾ" ಅಂದೆ. ಹೊಸ ಹುಡುಗನಿಗೆ ಕನ್ನಡ ತಿಳಿಯಲಿಲ್ಲ. ಮಾಲೀಕರೇ ಒಳಗಿನಿಂದ ಬಂದು, ಬಿಲ್ಲಿನ ಮೇಜಿನ ಕಂಪ್ಯೂಟರ್ ಪಕ್ಕಕ್ಕೆ ಸರಿಸಿ, ಅರ್ಧ ಸೀರೆ ಹರವಿದರು. ಉಳಿದರ್ಧವನ್ನು ನಾನೇ ಹಿಡಿದು ನಿಂತಿದ್ದೆ.