ರಾಗವಿಲ್ಲದ ಕವಿತೆಗೆ ಕಿವಿಗೊಡುವ ಬಗೆ

‘ಹಳೆಯ ಕವಿಗಳಾದರೆ ಇಷ್ಟ, ಈಗಿನವರದು ತಲೆಗೆ ಹತ್ತುವುದಿಲ್ಲ’ ಎನ್ನುವವರನ್ನು ಕೊಂಚ ಕೆದಕಿ ನೋಡಿ. ಅವರು ಮೆಚ್ಚಿದ ಹಳೆಯ ಕವಿತೆಗಳಲ್ಲಿ ಹೆಚ್ಚಿನವು ಓದಿದ್ದಲ್ಲ, ಕೇಳಿದ್ದು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದ್ದರಿಂದ ಕವಿಗಳು ಮನೆಮನೆಗೆ ಬಂದರು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಸಂಕಲನವನ್ನೇ ಮುಟ್ಟದವರಿಗೂ ನಿಸಾರ್ ಅಹಮದ್ ಅವರನ್ನು ತಲುಪಿಸಿತು. ಅದಕ್ಕೂ ಎಷ್ಟೋ ಹಿಂದಿನಿಂದ ಗಮಕಿಗಳು ಅಕ್ಷರ ಬಾರದವರಿಗೂ ಕುಮಾರವ್ಯಾಸನನ್ನು ಕೇಳಿಸುತ್ತ ಬಂದಿದ್ದರು. ಕಾವ್ಯವನ್ನು ಕಿವಿಯಿಂದ ಸವಿಯುವುದು ನಮಗೆ ರೂಢಿ.

ಆದರೆ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959) ಬರುವ ಹೊತ್ತಿಗೆ ಕವಿತೆ ಹಾಡುಗಬ್ಬದ ಜಾಡು ಬಿಟ್ಟು ಆಡುಮಾತಿನ ಲಯಕ್ಕೆ ಹೊರಳಿತ್ತು. ಓದುಗರಲ್ಲಿ ಬಹಳ ಮಂದಿ ರಾಗಕ್ಕೆ ಕಾಯುತ್ತ ಹಿಂದೆಯೇ ಉಳಿದರು. ಉಳಿದ ಉತ್ಸಾಹವನ್ನು ಪರೀಕ್ಷೆಯ ‘ಸಾರಾಂಶ ಬರೆಯಿರಿ’ ಮುಗಿಸಿತು.

ಹೊಸ ಕವಿತೆಗೆ ಹೆದರುವವರಿಗೆ ನಾನು ಕೊಡುವ ಸಲಹೆ ಒಂದೇ: ಗಟ್ಟಿಯಾಗಿ ಓದಿ. ಕವಿಗೋಷ್ಠಿಯ ಏರುದನಿ ಬೇಡ. ಎದುರಿಗೆ ಕೂತವರೊಡನೆ ಮಾತಾಡುವ ದನಿ ಸಾಕು. ಸಾಲು ಮುರಿದ ಕಡೆ ಅರೆಕ್ಷಣ ನಿಲ್ಲಿ. ಆ ತಡೆಯಲ್ಲಿ ಕೊನೆಯ ಪದಕ್ಕೆ ತೂಕ ಬರುತ್ತದೆ, ಮುಂದಿನ ಸಾಲಿಗೆ ಕಾತರ ಹುಟ್ಟುತ್ತದೆ. ಕವಿ ಸಾಲನ್ನು ಅಲ್ಲಿಯೇ ಕಡಿದದ್ದೇಕೆಂದು ನಾಲಿಗೆಗೆ ತಾನಾಗಿ ತಿಳಿಯುತ್ತದೆ. ‘ಇದರ ಅರ್ಥವೇನು’ ಎಂಬ ಪ್ರಶ್ನೆ ಆಮೇಲೆ ಇರಲಿ. ಯಾರು, ಯಾರಿಗೆ, ಎಂಥ ಮನಸ್ಸಿನಲ್ಲಿ ಹೇಳುತ್ತಿದ್ದಾರೆ? ಸಿಟ್ಟೇ, ಓಲೈಕೆಯೇ, ಒಳಗೇ ನುಂಗಿಕೊಂಡ ದುಃಖವೇ? ಅದು ಸಿಕ್ಕಿದರೆ ಅರ್ಧ ಕವಿತೆ ಸಿಕ್ಕಿದ ಹಾಗೆ. ಇಬ್ಬರು ಒಂದೇ ಕವಿತೆಯನ್ನು ಸರದಿಯಲ್ಲಿ ಓದಿದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಕೋಪವೆನಿಸಿದ್ದು ಇನ್ನೊಬ್ಬರಿಗೆ ಅಳಲು ಎನಿಸೀತು. ಆ ಜಗಳ ನಡೆಯಲಿ ಬಿಡಿ. ಕಾವ್ಯದ ಬಗ್ಗೆ ಅದಕ್ಕಿಂತ ಜೀವಂತ ಚರ್ಚೆ ಬೇರಿಲ್ಲ.

ಎಲ್ಲಿಂದ ಶುರು ಮಾಡಬೇಕು? ಕೆ.ಎಸ್. ನರಸಿಂಹಸ್ವಾಮಿಯವರಿಂದಲೇ. ‘ಮೈಸೂರ ಮಲ್ಲಿಗೆ’ (1942) ನಮಗೆಲ್ಲ ಬಾಯಿಪಾಠ. ಆದರೆ ಅದೇ ಕವಿ ‘ಶಿಲಾಲತೆ’ಯಲ್ಲಿ (1958) ದಾರಿ ಬದಲಿಸಿದರು, ‘ತೆರೆದ ಬಾಗಿಲು’ ಸಂಕಲನಕ್ಕೆ 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೊದಲನೆಯದನ್ನು ಗುನುಗಿ, ಉಳಿದೆರಡನ್ನು ಗಟ್ಟಿಯಾಗಿ ಓದಿ. ಪರಿಚಿತ ದನಿಯೇ ಹಾಡಿನಿಂದ ಮಾತಿಗೆ ಇಳಿಯುವುದನ್ನು ಕೇಳಿದವರು ಹೊಸ ಕವಿತೆಗೆ ಅಂಜುವುದಿಲ್ಲ.

ಅಲ್ಲಿಂದ ಜಯಂತ ಕಾಯ್ಕಿಣಿ ಹತ್ತಿರ. ‘ಮುಂಗಾರು ಮಳೆ’ಯ (2006) ಹಾಡುಗಳಿಂದ ಅವರನ್ನು ಬಲ್ಲವರಿಗೆ, ಅವರ ಸಂಕಲನ ‘ರಂಗದಿಂದೊಂದಿಷ್ಟು ದೂರ’ 1974ರಲ್ಲೇ ಬಂದಿತ್ತೆಂಬುದು ಅಚ್ಚರಿಯಾದೀತು. ಅವರ ‘ಒಂದು ಜಿಲೇಬಿ’ ಕೈಗೆತ್ತಿಕೊಳ್ಳಿ. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಓದುವಾಗ ಮಾತ್ರ ದನಿ ತಗ್ಗಿಸಬೇಡಿ. ದಲಿತ ಚಳವಳಿಯ ಸಭೆಗಳಲ್ಲಿ ಜನ ಒಟ್ಟಾಗಿ ಹಾಡಿದ ಕವಿ ಅವರು. ಪ್ರತಿಭಾ ನಂದಕುಮಾರ್ ಅವರ ‘ನಾವು ಹುಡುಗಿಯರೇ ಹೀಗೆ’ ಸಂಕಲನದ ನೇರ ಮಾತನ್ನು ಹೆಣ್ಣುಮಕ್ಕಳು ಓದಿ ಹೇಳಿದರೆ ಕೇಳುವ ಸುಖವೇ ಬೇರೆ.

ಇಷ್ಟಾದ ಮೇಲೆ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’ ಕಷ್ಟವಾಗದು. ಒಂದೇ ಸಂಜೆ ಮುಗಿಸುವ ಆತುರ ಬೇಡ. ದಿನಕ್ಕೊಂದು ಕವಿತೆ, ಎರಡು ಸಲ. ನಡುವೆ ಅರ್ಥವಾಗದ ಸಾಲು ಬಂದರೆ ನಿಲ್ಲದೆ ಮುಂದಕ್ಕೆ ಓದಿ. ಎರಡನೆಯ ಸಲ ಅದೇ ಸಾಲಿಗೆ ನಿಮ್ಮ ದನಿ ಬೇರೆಯಾಗಿರುತ್ತದೆ.